ಪಾರ್ಟಿಯವರ ಪರಿಚಯ ಯಾರ ಸ್ವತ್ತು?

ಸಕ್ಕರೆ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಇರುವವನ ಮನೆಗೆ ಅರ್ಧ ರೇಟಿನಲ್ಲಿ ಸಾಮಾನು ಬರುತ್ತದೆ ಎನ್ನುವ ನಂಬಿಕೆ ನಮ್ಮ ಭಾಗದಲ್ಲಿ ಗಟ್ಟಿಯಾಗಿದೆ. ರಾಯಬಾಗ ಕಡೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕ್ಲಾರ್ಕ್ ಆಗಿ ಸೇರಿ, ಖರೀದಿ ಅಧಿಕಾರಿಯಾಗಿ ನಿವೃತ್ತನಾದವನು ನಾನು. ಮದುವೆ ಮನೆಯಲ್ಲಿ, ಸಂತೆಯಲ್ಲಿ, ಕುಡಚಿ ಸ್ಟೇಶನ್ನಿನಲ್ಲಿ ಗಾಡಿ ಕಾಯುವಾಗ, ಎಲ್ಲಿ ಸಿಕ್ಕರೂ ಜನ ಕೇಳುತ್ತಿದ್ದುದು ಒಂದೇ: “ಅಣ್ಣಾರ, ನಿಮ್ಮ ಕಡೆ ಪೈಪಿನ ಪಾರ್ಟಿ ಯಾರರೆ ಇದ್ರ ಒಂದ್ ಫೋನ್ ಮಾಡಿ ಹೇಳ್ರಿ.” ಪಾರ್ಟಿ ಅಂದರೆ ಕಾರ್ಖಾನೆಗೆ ಮಾಲು ಹಾಕುವ ವ್ಯಾಪಾರಿ. ಕೇಳುವವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇರಲಿಲ್ಲ. ಬೋರ್‌ವೆಲ್ಲಿಗೆ ಪೈಪ್ ಬೇಕಾದವರು, ಸಾಲ ಮಾಡಿ ಮನೆ ಕಟ್ಟುತ್ತಿದ್ದವರು. ಆದರೂ ಆ ಫೋನ್ ಮಾಡಬಾರದು. ಯಾಕೆ ಮಾಡಬಾರದು, ಅದರ ಬದಲು ಏನು ಮಾಡಬಹುದು ಎಂಬುದನ್ನು ಈಗ ಖರೀದಿ ವಿಭಾಗಕ್ಕೆ ಸೇರುವ ಹುಡುಗರಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೃಷ್ಣೆ, ದೂಧಗಂಗೆ, ವೇದಗಂಗೆಯ ನೀರು ಬಂದಲ್ಲೆಲ್ಲ ಇಲ್ಲಿ ಕಬ್ಬು, ಕಬ್ಬು ಬೆಳೆದಲ್ಲೆಲ್ಲ ಕಾರ್ಖಾನೆ. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ಸ್‌ನಿಂದ ಹಿಡಿದು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಸಹಕಾರಿಯವರೆಗೆ ಸಾಲು ದೊಡ್ಡದು. ಇವುಗಳಿಗೆ ಸಾಮಾನು ಬರುವ ದಾರಿಗಳು ಮಾತ್ರ ಕೆಲವೇ. ಬೇರಿಂಗು, ಎರಕದ ಸಾಮಾನು, ಪಂಪು, ವಾಲ್ವು ಬೇಕೆಂದರೆ ಕೊಲ್ಲಾಪುರದ ಉದ್ಯಮನಗರ, ಶಿರೋಳಿಯ ಎಂಐಡಿಸಿ, ಇಚಲಕರಂಜಿ, ಸಾಂಗಲಿ, ಮಿರಜ. ಈ ಕಡೆಗೆ ಬೆಳಗಾವಿಯ ಉದ್ಯಮಬಾಗ್. ಹೀಗಾಗಿ ಒಬ್ಬನೇ ಪಾರ್ಟಿ ನಾಲ್ಕು ಕಾರ್ಖಾನೆಗೆ ಮಾಲು ಹಾಕುತ್ತಾನೆ, ಅವನ ತಮ್ಮ ಊರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುತ್ತಾನೆ, ಅವನ ಹೆಂಡತಿಯ ತವರು ನಮ್ಮ ಪಕ್ಕದ ಓಣಿಯೇ ಆಗಿರುತ್ತದೆ. ಬೆಂಗಳೂರಿನ ದೊಡ್ಡ ಕಂಪನಿಯವರು ಪೂರೈಕೆದಾರರಿಂದ ದೂರ ಇರಿ ಎಂದು ನಿಯಮ ಬರೆದು ಸುಮ್ಮನಾಗಬಹುದು. ಕಾಗವಾಡದಲ್ಲೋ ಚಿಕ್ಕೋಡಿಯಲ್ಲೋ ಇರುವವನಿಗೆ ದೂರ ಇರುವುದೇ ಆಗದ ಮಾತು. ಸಿಮೆಂಟ್ ಕೊಳ್ಳಲು ಹೋದರೂ ಎದುರಿಗೆ ಕೂತವನು ಕಾರ್ಖಾನೆಯ ಪಾರ್ಟಿಯೇ.

ಖರೀದಿ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಇಕ್ಕಟ್ಟು ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಮಿಲ್ಲು ಬಿಚ್ಚುತ್ತಾರೆ. ರೋಲರ್ ಹೊರಗೆ ಬರುತ್ತದೆ, ಜ್ಯೂಸ್ ಹೀಟರಿನ ಟ್ಯೂಬು ಬದಲಾಗುತ್ತದೆ, ಬಗಾಸ್ ಕ್ಯಾರಿಯರಿನ ಚೈನು ನೆಲಕ್ಕೆ ಬರುತ್ತದೆ. ಆ ತಿಂಗಳುಗಳಲ್ಲೇ ಖರೀದಿಯ ಭಾರ. ಇಂಜಿನಿಯರಿಂಗ್‌ನಿಂದ ಇಂಡೆಂಟ್ ಬರುತ್ತದೆ, ನಾವು ಕೋಟೇಶನ್ ಕರೆಯುತ್ತೇವೆ, ದರಗಳನ್ನು ಒಂದು ಹಾಳೆಯ ಮೇಲೆ ಎದುರುಬದುರು ಬರೆದು ಕಂಪ್ಯಾರೆಟಿವ್ ಮಾಡುತ್ತೇವೆ, ಆರ್ಡರ್ ಹೋಗುತ್ತದೆ, ಮಾಲು ಬಂದಾಗ ತಪಾಸಣೆ, ಕೊನೆಗೆ ಬಿಲ್ಲು. ಹೊರಗಿನವರು ಎಲ್ಲ ಲಾಭವೂ ಆರ್ಡರಿನಲ್ಲಿದೆ ಎಂದುಕೊಳ್ಳುತ್ತಾರೆ. ಪಾರ್ಟಿಯವರನ್ನು ಕೇಳಿ ನೋಡಿ, ಅವರ ಜೀವ ಇರುವುದು ತಪಾಸಣೆಯಲ್ಲಿ ಮತ್ತು ಬಿಲ್ಲಿನಲ್ಲಿ. ಒಂದು ಲೋಡು ಹಿಂದಕ್ಕೆ ಹೋದರೆ ಸಣ್ಣ ಫೌಂಡ್ರಿಯವನ ಆ ತಿಂಗಳ ಪಗಾರವೇ ನಿಲ್ಲುತ್ತದೆ. ಬಿಲ್ಲಿನ ಮೇಲೆ ನನ್ನ ಸಹಿ ಒಂದು ವಾರ ತಡವಾದರೆ ಅವನು ಬಡ್ಡಿ ಕಟ್ಟುತ್ತಾನೆ. ಅಂಥವನಿಗೆ ನಾನು ಫೋನ್ ಮಾಡಿ, ಎಷ್ಟೇ ಮೆತ್ತಗೆ, ‘ನಿಮಗೆ ಆದರೆ ಮಾತ್ರ’ ಎಂದು ಸೇರಿಸಿ ಕೇಳಿದರೂ ಅವನು ಒಲ್ಲೆ ಅನ್ನಲಾರ. ನನ್ನ ಕೋರಿಕೆ ಅವನ ಕಿವಿಗೆ ಕೋರಿಕೆಯಾಗಿ ಬೀಳುವುದೇ ಇಲ್ಲ.

ಇದನ್ನು ನನಗೆ ಕಲಿಸಿದ್ದು ಅಥಣಿಯ ಒಂದು ಮನೆ. ಕಾರ್ಖಾನೆಯ ಸಮಾರಂಭಕ್ಕೆ ಬರುವ ಅತಿಥಿಗಳಿಗೆ ಕೊಡಲು ಒಂದು ವರ್ಷ ಅಥಣಿಯ ಚಪ್ಪಲಿಗಳನ್ನು ಮಾಡಿಸಿದೆವು. ಕೊಲ್ಲಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಅದು ಸೇರಿತು. ಆರ್ಡರಿನ ಮಾಲು ಎಣಿಸಿಕೊಂಡು ತರಲು ಹೋದವನು ನಾನು. ಒಳಗಿನ ಕೋಣೆಯಲ್ಲಿ ಮನೆಯಾಕೆ ಕೂತು ತೊಗಲಿನ ಸಣ್ಣ ಎಳೆಗಳನ್ನು ಹೆಣೆಯುತ್ತಿದ್ದರು. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ಗಂಡ ಬಾಗಿಲ ಬಳಿ ಎಮ್ಮೆ ತೊಗಲಿನ ಅಡಿಯನ್ನು ಬಡಿದು ಸಮ ಮಾಡುತ್ತಿದ್ದರು. ಮೊಳೆ ಇಲ್ಲ, ಹೊಲಿಗೆಯೂ ತೊಗಲಿನ ಎಳೆಯದೇ. ಇಡೀ ಮನೆ ಜಾಲಿ ತೊಗಟೆ ಹಾಕಿ ಹದಮಾಡಿದ ತೊಗಲಿನ ವಾಸನೆಯಿಂದ ತುಂಬಿತ್ತು.

ನಮ್ಮ ಆಫೀಸಿನ ಹಿರಿಯರೊಬ್ಬರು ಮಗಳ ಮದುವೆಗೆ ಬೀಗರಿಗೆ ಕೊಡಲು ಒಂದಷ್ಟು ಜೋಡಿ ಬೇಕೆಂದು ನನ್ನ ಕೈಯಲ್ಲಿ ಅಳತೆಯ ಚೀಟಿ ಕೊಟ್ಟು ಕಳಿಸಿದ್ದರು. ಕಾರ್ಖಾನೆಗೆ ಹಚ್ಚಿದ ರೇಟಿನಲ್ಲೇ ಸಿಗಲಿ ಎಂದಿದ್ದರು. ಕಾರ್ಖಾನೆಯ ರೇಟು ಬಂದಿದ್ದು ದೊಡ್ಡ ಸಂಖ್ಯೆಯ ಆರ್ಡರಿಗೆ. ಚೀಟಿಯಲ್ಲಿದ್ದವು ಕೆಲವೇ ಜೋಡಿ, ಅದೂ ಒಂದೊಂದು ಒಂದೊಂದು ಅಳತೆ, ಮೇಲೆ ಜರಿ ಕೆಲಸ. ಆ ಮನುಷ್ಯ ಚೀಟಿಯನ್ನು ಓದಿ ಹೆಂಡತಿಯ ಕಡೆ ನೋಡಿದರು. ಆಕೆ ಹೆಣೆಯುವುದನ್ನು ನಿಲ್ಲಿಸದೆ ಅಂದರು: “ಸಾಹೇಬ್ರು ಹೇಳಿ ಕಳಿಸ್ಯಾರಂದ್ರ ಏನ್ ಮಾಡೂದ್ರಿ. ಮಾಡಿ ಕೊಡೂಣು. ಹಿಂದಿನ ರೊಕ್ಕ ಒಂದಿಷ್ಟ ಲಗೂ ಕೊಡಸ್ರಿ.” ಆ ಎರಡು ಮಾತನ್ನು ಆಕೆ ಒಂದೇ ಉಸಿರಿನಲ್ಲಿ ಆಡಿದರು. ಮೊದಲನೆಯ ಕಂತಿನ ಬಿಲ್ಲು ಆಗ ನಮ್ಮ ಅಕೌಂಟ್ಸಿನಲ್ಲೇ ಇತ್ತು.

ಚೀಟಿಯನ್ನು ನಾನು ಅಲ್ಲಿ ಬಿಡಲಿಲ್ಲ. ವಾಪಸ್ ಬಂದು ಆ ಹಿರಿಯರಿಗೆ ಆಕೆ ಅಂದ ಮಾತನ್ನು ಹಾಗೇ ಹೇಳಿದೆ. ಅವರು ಸಜ್ಜನರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮದಲ ಆ ಬಿಲ್ ಪಾಸ್ ಮಾಡಸಪಾ” ಅಂದರು. ಹಣ ಸಂದಾಯವಾದ ಮೇಲೆ ತಾವೇ ಮನೆಯವರನ್ನು ಕರೆದುಕೊಂಡು ಅಥಣಿಗೆ ಹೋಗಿ, ಬಿಡಿ ಗಿರಾಕಿಗೆ ಏನು ದರವೋ ಅದನ್ನು ಕೊಟ್ಟು ತಂದರು. ಆ ಮನೆಯವರಿಗೆ ಅದೂ ಒಂದು ವ್ಯಾಪಾರವಾಯಿತು. ಪಾರ್ಟಿಯವರಿಂದ ಏನನ್ನೂ ಕೊಳ್ಳಲೇಬಾರದು ಎನ್ನುವವರ ಜತೆ ನಾನು ಒಪ್ಪದಿರುವುದು ಇದಕ್ಕೇ. ಒಳ್ಳೆಯ ಕೆಲಸಗಾರನಿಗೆ ನಮ್ಮ ಮನೆಯ ಕೆಲಸವೂ ಹೋಗಬೇಕು. ಕಾರ್ಖಾನೆಯ ಬಾಕಿ ಅವನ ತಲೆಯ ಮೇಲೆ ತೂಗಾಡುತ್ತಿರುವಾಗ, ಕಾರ್ಖಾನೆಯ ರೇಟಿನಲ್ಲಿ ಹೋಗಬಾರದು, ಅಷ್ಟೇ.

ಇನ್ನೊಂದು ಪ್ರಸಂಗದಲ್ಲಿ ಬೆಲೆ ತೆತ್ತವರು ಬೇರೆಯವರು. ನನ್ನ ಜತೆಗಾರನೊಬ್ಬ, ಇಂಜಿನಿಯರಿಂಗ್ ವಿಭಾಗದವನು, ಚಿಕ್ಕೋಡಿಯಲ್ಲಿ ಮನೆ ಕಟ್ಟಿಸುತ್ತಿದ್ದ. ವಾಲ್ವ್ ಪೂರೈಸುವ ಒಬ್ಬ ಪಾರ್ಟಿ ಅವನ ಮನೆಗೆ ನಲ್ಲಿ, ಪೈಪು, ಫಿಟಿಂಗ್ ಎಲ್ಲ ಕಳಿಸಿದ. ಬಿಟ್ಟಿ ಅಲ್ಲ, ಉಧಾರಿ. “ಆರಾಮ ಕೊಡ್ರಿ ಸಾಹೇಬ್, ಅವಸರ ಏನೈತಿ” ಎಂಬ ಉಧಾರಿ. ಜತೆಗಾರ ಕೊಡುವ ಮನಸ್ಸಿನವನೇ ಆಗಿದ್ದ. ಆದರೆ ಗೌಂಡಿಯ ಲೆಕ್ಕ, ಬಡಿಗನ ಲೆಕ್ಕ ಬೆಳೆಯುತ್ತ ಹೋಗಿ ಇದು ಹಿಂದೆ ಉಳಿಯಿತು.

ಜನವರಿಯ ಒಂದು ರಾತ್ರಿ, ಹಂಗಾಮು ಭರದಲ್ಲಿದ್ದಾಗ, ಅದೇ ಪಾರ್ಟಿ ಹಾಕಿದ್ದ ಸ್ಟೀಮ್ ವಾಲ್ವ್ ಕೆಟ್ಟು ಮಿಲ್ಲು ನಿಂತಿತು. ಯಾರ್ಡಿನಲ್ಲಿ ಟ್ರ್ಯಾಕ್ಟರುಗಳ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಚಕ್ಕಡಿಯವರು ಎತ್ತಿನ ಕೊರಳು ಬಿಚ್ಚಿ ರವದಿ ಉರಿಸಿ ಮೈ ಕಾಯಿಸಿಕೊಳ್ಳುತ್ತ ಕೂತಿದ್ದರು. ಕಡಿದ ಕಬ್ಬು ನಿಂತಷ್ಟು ಹೊತ್ತು ಒಣಗುತ್ತದೆ. ತೂಕ ಹೋಗುತ್ತದೆ, ಒಳಗಿನ ಸಕ್ಕರೆಯೂ ಇಳಿಯುತ್ತದೆ. ತೂಕದ ನಷ್ಟ ರೈತನದು, ಇಳುವರಿಯ ನಷ್ಟ ಕಾರ್ಖಾನೆಯದು. ಇಳುವರಿಗೆ ತಕ್ಕಂತೆ ಕಬ್ಬಿನ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ ನಿಗದಿಯಾಗುವುದರಿಂದ ಅದೂ ತಿರುಗಿ ರೈತನಿಗೇ ಬರುತ್ತದೆ. ಜತೆಗಾರ ಫೋನ್ ಹಿಡಿದು ಪಾರ್ಟಿಯ ಜತೆ ಮಾತಾಡುತ್ತಿದ್ದ, ನಾನು ಪಕ್ಕದಲ್ಲೇ ಇದ್ದೆ. ಬೇರೆ ಯಾವ ಪಾರ್ಟಿಯಾಗಿದ್ದರೂ ಅವನು ಆ ಹೊತ್ತಿಗೆ ಗುಡುಗುತ್ತಿದ್ದ. ಅವನ ಕಂಠದ ಜೋರು ಇಡೀ ಮಿಲ್ ಹೌಸಿಗೆ ಗೊತ್ತು. ಅಂದು ಮಾತ್ರ, “ನೋಡ್ರಿ, ಹೆಂಗರೆ ಮಾಡಿ ಮುಂಜಾನೆ ತನಕ ಕಳಸ್ರಿ, ಅಡಚಣಿ ಆಗೇತಿ” ಎಂದು ಬೇಡಿಕೊಳ್ಳುತ್ತಿದ್ದ. ಆ ಕಡೆಯವನು ಏನೋ ಸಬೂಬು ಹೇಳಿದ. ಇವನು “ಆತು, ಆತು” ಅಂದ. ಕೊನೆಗೆ ಮುಖ್ಯ ಇಂಜಿನಿಯರ್ ಪಕ್ಕದ ಕಾರ್ಖಾನೆಯಿಂದ ಒಂದು ವಾಲ್ವ್ ಕೈಗಡ ತರಿಸಿ ಮಿಲ್ಲು ಹಚ್ಚಿಸಿದರು.

ಆ ವಾಲ್ವ್ ಮೊದಲೇ ಕಳಪೆಯಿತ್ತೋ ಇಲ್ಲವೋ, ಅದನ್ನು ನಾನು ಹೇಳಲಾರೆ. ಒಳ್ಳೆಯ ವಾಲ್ವೂ ಕೆಡುತ್ತದೆ. ನನ್ನನ್ನು ಕಾಡಿದ್ದು ಆ ದನಿ. ಕಾರ್ಖಾನೆ ಅವನಿಗೆ ಪಗಾರ ಕೊಡುತ್ತಿದ್ದುದು ಅಂಥ ರಾತ್ರಿಯಲ್ಲಿ ದನಿ ಎತ್ತಲಿಕ್ಕೆ. ಆ ದನಿಯನ್ನು ಅವನು ನಲ್ಲಿ-ಪೈಪಿಗೆ ಅಡವಿಟ್ಟಿದ್ದ. ಹೊರಗೆ ರವದಿಯ ಬೆಂಕಿ ಕಾಯುತ್ತ ಕೂತವರಿಗೆ ಇದು ಗೊತ್ತಾಗುವ ಹಾಗೇ ಇರಲಿಲ್ಲ.

ರೈತನ ಮಾತು ಇಲ್ಲಿ ನಾನು ಸುಮ್ಮನೆ ಎಳೆದು ತರುತ್ತಿಲ್ಲ. ಕಾರ್ಖಾನೆಯ ದುಡ್ಡು ಎಂದು ನಾವು ಅನ್ನುವುದು ಬಹುಪಾಲು ಕಬ್ಬಿನ ದುಡ್ಡು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಬಂದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇ. 15ರಂತೆ ಬಡ್ಡಿ. ಅದು ಎಷ್ಟು ಕಡೆ, ಎಷ್ಟು ವರ್ಷ ಪಾಲನೆಯಾಗಿದೆ ಎಂದು ಈ ಭಾಗದ ಯಾವ ರೈತನನ್ನಾದರೂ ಕೇಳಬಹುದು. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲೇ ಕೂತಾಗ ಕಾರ್ಖಾನೆಗಳು ಹೇಳಿದ್ದು, ಖರ್ಚು ಹೆಚ್ಚಾಗಿದೆ ಎಂದು. ಹೌದು, ಹೆಚ್ಚಾಗಿದೆ. ಆ ಖರ್ಚಿನ ಒಂದೊಂದು ರೂಪಾಯಿಯೂ ಸರಿಯಾಗಿ ಹೋಗಿದೆ ಎಂದು ಎದೆ ತಟ್ಟಿ ಹೇಳುವ ಖರೀದಿ ವಿಭಾಗ ಇದ್ದರೆ ಮಾತ್ರ ಆ ಮಾತಿಗೆ ಬೆಲೆ. ನಿಪ್ಪಾಣಿಯವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1981ರಲ್ಲಿ ಅಲ್ಲಿಯ ತಂಬಾಕು ಬೆಳೆಗಾರರು ಹೆದ್ದಾರಿಯಲ್ಲಿ ಕೂತಿದ್ದು, ಗೋಲಿಬಾರಿಗೆ ಎದೆಯೊಡ್ಡಿ ಜೀವ ಕಳೆದುಕೊಂಡಿದ್ದು ತಮ್ಮ ಮಾಲಿಗೆ ನ್ಯಾಯದ ದರಕ್ಕಾಗಿ. ಬೆಳೆದವನಿಗೂ ದುಡ್ಡಿಗೂ ನಡುವೆ ನಿಂತವರು ಏನು ಮಾಡುತ್ತಾರೆ ಎಂಬುದನ್ನು ಈ ನೆಲ ಕಣ್ಣಿಟ್ಟು ನೋಡುತ್ತ ಬಂದಿದೆ. ಖರೀದಿ ವಿಭಾಗದವನೂ ಹಾಗೆ ನಡುವೆ ನಿಂತವನೇ.

ಪಾರ್ಟಿಯವರ ಮನಸ್ಸಿನಲ್ಲಿ ಏನಿರುತ್ತದೆ ಎಂಬುದು ನನಗೆ ಪೂರ್ತಿ ತಿಳಿದಿದ್ದು ನಿವೃತ್ತಿಯ ನಂತರ. ಉದ್ಯಮಬಾಗಿನ ಒಬ್ಬ ಫೌಂಡ್ರಿ ಮಾಲಕರ ಜತೆ ಚಹಾ ಕುಡಿಯುತ್ತ ಕೂತಿದ್ದೆ. ನನ್ನಿಂದ ಅವರಿಗೆ ಇನ್ನು ಯಾವ ಕೆಲಸವೂ ಇರಲಿಲ್ಲ, ಹಾಗಾಗಿ ಮನಸ್ಸು ಬಿಚ್ಚಿದರು. ಯಾವ ಕಾರ್ಖಾನೆಯ ಯಾವ ಸಾಹೇಬರ ಮನೆಗೆ ಗೇಟು, ಗ್ರಿಲ್ಲು, ಜಿನೆಯ ಕಠಡಿ ಹೋಗಿದೆ ಎಂಬುದಕ್ಕೆ ಅವರ ಹತ್ತಿರ ಒಂದು ಬೇರೆ ವಹಿಯೇ ಇತ್ತಂತೆ. “ಅದನ್ನ ನಾವೇನ್ ಗಂಟಿನಿಂದ ಹಾಕ್ತೀವೇನ್ರಿ? ಮುಂದಿನ ವರ್ಷದ ರೇಟಿನ್ಯಾಗ ಕೂಡಸ್ತೀವಿ. ಒಬ್ಬರಿಗೆ ಮಾಡಿದ್ದು ಮೂರ್ ಮಂದಿಗೆ ಗೊತ್ತಾಗತೈತಿ, ಆ ಮೂರೂ ಮಂದಿ ಕೇಳ್ತಾರು. ಅದಕ್ಕ ಸುರುವಿಗೇನ ಹೆಚ್ಚ ಹಿಡೀತೀವಿ.” ಸಾಹೇಬರು ಪುಕ್ಕಟೆ ಅಥವಾ ಕಡಿಮೆಗೆ ಸಿಕ್ಕಿತೆಂದುಕೊಂಡ ಗೇಟಿನ ಹಣವನ್ನು ಕಾರ್ಖಾನೆಯೇ ಕೊಟ್ಟಿರುತ್ತದೆ. ಇದರಲ್ಲಿ ಕೇಳದೆ ಇದ್ದ ಅಧಿಕಾರಿಯ ಕಾರ್ಖಾನೆಯೂ ಹೆಚ್ಚು ತೆರುತ್ತದೆ ಎಂಬುದು ನನಗೆ ಇನ್ನೂ ನುಂಗಲಾಗದ ಸಂಗತಿ.

ಎಲ್ಲಕ್ಕಿಂತ ಕಷ್ಟ ಕೊಟ್ಟಿದ್ದು ನಮ್ಮ ಊರಿನ ಗುಡಿಯ ವಿಷಯ. ಗುಡಿಯ ಮುಂದೆ ಪತ್ರಾ ಶೆಡ್ ಹಾಕಬೇಕು ಎಂದು ಕಮಿಟಿಯವರು ತೀರ್ಮಾನಿಸಿದರು. ನಮ್ಮ ಕಾಕಾ ಕಮಿಟಿಯ ಹಿರಿಯರು. “ನಿನಗೇನ್ ಸ್ವಂತಕ್ಕ ಕೇಳಂತೀನೇನು? ದೇವರ ಕೆಲಸ. ನಿನ್ನ ಪಾರ್ಟಿಗೋಳಿಗೆ ಒಂದೊಂದ್ ಪಾವತಿ ಹರಿ, ಅವರಿಗೂ ಪುಣ್ಯ ಬರತೈತಿ” ಅಂದರು. ಮನೆಗೆ ನಲ್ಲಿ ಕೇಳುವುದನ್ನು ತಪ್ಪೆಂದು ಒಪ್ಪುವವರೂ ಇಲ್ಲಿ ಕಾಕಾನ ಪರವೇ ನಿಲ್ಲುತ್ತಾರೆ. ಗುಡಿ, ಜಾತ್ರೆ, ಗಣಪತಿ, ಶಾಲೆಯ ಕಂಪೌಂಡು, ರಾಜ್ಯೋತ್ಸವ, ಹೆಸರು ಯಾವುದೇ ಇರಲಿ, ವರ್ಗಣಿ ಪುಸ್ತಕ ಕಾರ್ಖಾನೆಯ ಟೇಬಲ್ಲಿನ ಮೇಲೆ ಬಂದು ಕೂತರೆ ಅದು ವರ್ಗಣಿಯಾಗಿ ಉಳಿಯುವುದಿಲ್ಲ. ಕೊಡದವನ ಬಿಲ್ಲು ಏನಾಗುತ್ತದೋ ಎಂಬ ಭಯ ಅದರ ಹಿಂದೆ ಇರುತ್ತದೆ. ಸ್ವಂತಕ್ಕೆ ಕೇಳುವವನಿಗೆ ಒಂದಿಷ್ಟಾದರೂ ಸಂಕೋಚ ಇರುತ್ತದೆ, ದೇವರ ಹೆಸರಿನಲ್ಲಿ ಕೇಳುವವನಿಗೆ ಅದೂ ಇರುವುದಿಲ್ಲ. ಅದಕ್ಕೇ ಇದು ಹೆಚ್ಚು ಅಪಾಯ ಎಂದು ನಾನು ಬಲವಾಗಿ ನಂಬಿದ್ದೇನೆ.

ಕಾಕಾಗೆ ನಾನು ಆಗುವುದಿಲ್ಲ ಎಂದೆ. ಕೆಲವು ತಿಂಗಳು ಮಾತು ಬಿಟ್ಟರು. ಆದರೆ ಬರೀ ಆಗುವುದಿಲ್ಲ ಎಂದು ಕೈ ಕಟ್ಟಿ ಕೂರುವುದೂ ಸರಿಯಲ್ಲ. ಪತ್ರಾದ ದಪ್ಪ ಎಷ್ಟಿರಬೇಕು, ಗಾಳಿಗೆ ಹಾರದಂತೆ ಹುಕ್ಕು ಎಲ್ಲಿ ಬೀಳಬೇಕು, ಆಂಗಲ್ ತೂಗಿ ಕೊಳ್ಳುವಾಗ ಯಾವುದರಲ್ಲಿ ಮೋಸ ಆಗುತ್ತದೆ, ಬಿಲ್ಲಿನಲ್ಲಿ ಜಿಎಸ್‌ಟಿ ಹೇಗೆ ನೋಡಬೇಕು, ಇವನ್ನೆಲ್ಲ ಕೂತು ಬರೆದು ಕೊಟ್ಟೆ. ಕಮಿಟಿಯ ಹುಡುಗರು ಮಿರಜಿಗೆ, ಸಾಂಗಲಿಗೆ ತಾವೇ ಹೋಗಿ ಅಂಗಡಿ ಅಂಗಡಿ ತಿರುಗಿ ದರ ತಂದರು. ನನ್ನ ಹೆಸರು, ಕಾರ್ಖಾನೆಯ ಹೆಸರು ಎಲ್ಲೂ ಹೇಳಬಾರದು ಎಂದಷ್ಟೇ ನನ್ನ ಷರತ್ತು. ಕೆಲಸದಲ್ಲಿ ಕಲಿತ ವಿದ್ಯೆ ನನ್ನದು, ಅದನ್ನು ಊರಿಗೆ ಹಂಚಲು ಯಾರ ಅಪ್ಪಣೆಯೂ ಬೇಡ. ಕಾರ್ಖಾನೆಯ ಆರ್ಡರಿನ ಗಾತ್ರದಿಂದ ಬಂದ ರೇಟು ನನ್ನದಲ್ಲ. ನನ್ನ ಸಹಿಯನ್ನು ಕಾಯುವವನ ವಿನಯವೂ ನನ್ನದಲ್ಲ.

ಕಾನೂನು ಈ ವಿಷಯದಲ್ಲಿ ಜನ ತಿಳಿದಿರುವುದಕ್ಕಿಂತ ಸೂಕ್ಷ್ಮವಾಗಿದೆ. ಲಂಚ ಎಂದರೆ ನೋಟಿನ ಕಟ್ಟು ಎಂದು ನಾವು ಭಾವಿಸುತ್ತೇವೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 11ನೇ ಕಲಂ, ಸಾರ್ವಜನಿಕ ಸೇವಕನು ತನ್ನ ಕೆಲಸದ ವ್ಯವಹಾರದಲ್ಲಿ ಸಂಬಂಧ ಇರುವವನಿಂದ ಬಿಟ್ಟಿಯಾಗಿ ಪಡೆಯುವುದನ್ನು ಮಾತ್ರವಲ್ಲ, ತಕ್ಕಷ್ಟು ಬೆಲೆ ಕೊಡದೆ ಪಡೆಯುವುದನ್ನೂ ಅಪರಾಧ ಎನ್ನುತ್ತದೆ. ಆರು ತಿಂಗಳಿಂದ ಐದು ವರ್ಷದವರೆಗೆ ಸಜೆ. ಸರ್ಕಾರದ ಹಣಕಾಸು ನೆರವು ಪಡೆದ ಸಹಕಾರಿ ಸಂಘಗಳ ಅಧ್ಯಕ್ಷ, ಕಾರ್ಯದರ್ಶಿ ಮುಂತಾದ ಪದಾಧಿಕಾರಿಗಳನ್ನೂ ಈ ಕಾಯ್ದೆ ಸಾರ್ವಜನಿಕ ಸೇವಕರ ಪಟ್ಟಿಗೆ ಸೇರಿಸಿದೆ. ನಮ್ಮ ಸಹಕಾರಿ ಕಾರ್ಖಾನೆಗಳ ಆಡಳಿತ ಮಂಡಳಿಗಳು ಇದನ್ನು ಓದಿಕೊಳ್ಳಬೇಕು. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು ಇನ್ನೂ ಉಪಯೋಗದ ಮಾತು ಹೇಳುತ್ತವೆ: ಕಚೇರಿಯ ವ್ಯವಹಾರ ಇರುವವನ ಜತೆ ಆಸ್ತಿಯ ಅಥವಾ ದೊಡ್ಡ ಮೊತ್ತದ ಸಾಮಾನಿನ ವ್ಯವಹಾರ ಮಾಡುವ ಮೊದಲು ಮೇಲಿನವರ ಮಂಜೂರಾತಿ ಪಡೆಯಬೇಕು. ಕೊಳ್ಳಬೇಡ ಎನ್ನುವುದಿಲ್ಲ, ಮೊದಲೇ ತಿಳಿಸಿ ಒಪ್ಪಿಗೆ ಪಡೆ ಎನ್ನುತ್ತವೆ. ಎಲ್ಲರೂ ಎಲ್ಲರಿಗೂ ಬೇಕಾದವರಾಗಿರುವ ನಮ್ಮಂಥ ಊರುಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಖಾಸಗಿ, ಸಹಕಾರಿ ಕಾರ್ಖಾನೆಯವರಿಗೆ ಈ ನಿಯಮ ಅನ್ವಯಿಸದಿದ್ದರೂ ಅದನ್ನು ಅನುಸರಿಸಲು ಯಾರೂ ಅಡ್ಡಿ ಮಾಡುವುದಿಲ್ಲ.

ನಾನು ಸೇವೆಯಲ್ಲಿದ್ದಾಗಲೇ ಅಕ್ಕನ ಮಗ ಹಾರೂಗೇರಿ ಕಡೆ ಬೆಲ್ಲದ ಗಾಣ ಹಾಕಲು ಹೊರಟ. ರಾಸಾಯನಿಕ ಹಾಕದ ಬೆಲ್ಲ ಮಾಡುತ್ತೇನೆ ಎಂಬ ಹುಮ್ಮಸ್ಸಿನ ಹುಡುಗ. “ಮಾಮಾ, ನಿಮ್ಮ ರೋಲರ್ ಪಾರ್ಟಿ ನಂಬರ್ ಕೊಡ್ರಿ, ಹೋದ ವರ್ಷ ಏನ್ ರೇಟ್ ಹಚ್ಚಿದ್ರು ಅದನ್ನೂ ಹೇಳ್ರಿ, ನಾ ಮಾತಾಡ್ಕೋತೀನಿ” ಎಂದ. ಬುಶ್ಶಿನ ಡ್ರಾಯಿಂಗೂ ಬೇಕಿತ್ತು ಅವನಿಗೆ. ಪಾರ್ಟಿಯ ಹೆಸರು, ವಿಳಾಸ ಬೋರ್ಡಿನ ಮೇಲೇ ಇರುತ್ತದೆ, ಕೊಟ್ಟೆ. ಒಂದಲ್ಲ, ಆ ಕೆಲಸ ಮಾಡುವ ಎಲ್ಲರದ್ದೂ ಕೊಟ್ಟೆ. ರೇಟು ಕೊಡಲಿಲ್ಲ. ಒಬ್ಬ ಪಾರ್ಟಿ ಲಕೋಟೆ ಮುಚ್ಚಿ ನಮ್ಮನ್ನು ನಂಬಿ ಕೊಟ್ಟ ದರ ಅದು, ಅವನ ಪ್ರತಿಸ್ಪರ್ಧಿಯ ಕಿವಿಗೆ ಬೀಳಲು ಒಬ್ಬ ಅಳಿಯ ಸಾಕು. ಡ್ರಾಯಿಂಗ್ ಕಾರ್ಖಾನೆಯದು, ಅದರ ಮಾತೇ ಇಲ್ಲ.

ಹುಡುಗ ತಿರುಗಾಡಿ ಮೂರು ಕೋಟೇಶನ್ ತಂದ. ಎಲ್ಲಕ್ಕಿಂತ ಸರಿ ಅನ್ನಿಸಿದ್ದು ನಮಗೆ ಮಾಲು ಹಾಕುವ ಪಾರ್ಟಿಯದೇ. ಅಷ್ಟರಲ್ಲಿ ಹೇಗೋ ಅವರಿಗೆ ಸಂಬಂಧ ಗೊತ್ತಾಗಿತ್ತು. “ಸಾಹೇಬ್ರ ಅಳಿಯಂದ್ರು ಅಂದ ಮ್ಯಾಲ ಅಡ್ವಾನ್ಸ್ ಯಾಕ್ರಿ” ಅಂದರಂತೆ. ಬೇರೆ ಗಿರಾಕಿಗಳು ಕೊಡುವಷ್ಟೇ ಅಡ್ವಾನ್ಸ್ ಕೊಟ್ಟು ರಶೀದಿ ತಗೋ ಎಂದೆ, ತಗೊಂಡ. ಅದೇ ದಿನ ಮ್ಯಾನೇಜಿಂಗ್ ಡೈರೆಕ್ಟರರಿಗೆ ಅರ್ಧ ಪುಟದ ಪತ್ರ ಬರೆದೆ: ನನ್ನ ಅಕ್ಕನ ಮಗ ಇಂಥ ಪಾರ್ಟಿಯಿಂದ ಇಷ್ಟು ಬೆಲೆಗೆ ಯಂತ್ರ ಕೊಳ್ಳುತ್ತಿದ್ದಾನೆ, ಈ ಹಂಗಾಮಿನ ಮಟ್ಟಿಗೆ ಆ ಪಾರ್ಟಿಯ ಕಂಪ್ಯಾರೆಟಿವ್, ತಪಾಸಣೆ, ಬಿಲ್ಲು ಯಾವುದೂ ನನ್ನ ಸಹಿಗೆ ಬರಬಾರದು. ಅವರು ಅದರ ಮೇಲೆ ಷರಾ ಬರೆದು ಫೈಲು ಬೇರೆಯವರಿಗೆ ವಹಿಸಿದರು. ಮುಂದೆ ನಮ್ಮ ವಿಭಾಗದ ಇತರರೂ ಅಂಥ ಪತ್ರ ಕೊಡತೊಡಗಿದರು. ಅವನ್ನಿಡಲು ಒಂದು ಬೇರೆ ಫೈಲೇ ಆಯಿತು.

ನಾನು ಪತ್ರ ಕೊಟ್ಟ ಮೇಲೆ, ಆ ಹಂಗಾಮು ಸುರುವಾಗುವ ಮುಂಚೆ, ಅದೇ ಪಾರ್ಟಿಯ ಗನ್‌ಮೆಟಲ್ ಬುಶ್‌ಗಳು ಬಂದಾಗ ಸ್ಟೋರಿನ ಹೊಸ ಹುಡುಗ ಮೈಕ್ರೋಮೀಟರ್ ಹಚ್ಚಿ ನೋಡಿ, ಅಳತೆ ತಪ್ಪಿದೆ ಎಂದು ಇಡೀ ಲಾಟನ್ನು ರಿಜೆಕ್ಟ್ ಮಾಡಿದ. ಅವನು ನನ್ನನ್ನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಪಾರ್ಟಿಯವರು ಬದಲಿ ಮಾಲು ಕಳಿಸಿದರು. ಅಳಿಯನ ಗಾಣದ ಮಾತು ಆ ಕಡೆಯಿಂದಲೂ ಬರಲಿಲ್ಲ, ಈ ಕಡೆಯಿಂದಲೂ ಬರಲಿಲ್ಲ.